ನಾಡಿ ಕಲಿಸುವ ಸಾವಂತ್ರವ್ವ

ಬೆಳಗಿನ ಆರೂವರೆ. ಹುಬ್ಬಳ್ಳಿ, ಬೆಳಗಾವಿ ಕಡೆಯ ಬಸ್ಸುಗಳು ಕಾತ್ರಜದಲ್ಲಿ ನಿದ್ದೆಗಣ್ಣಿನ ಜನರನ್ನು ಇಳಿಸಿ ಪುಣೆಯೊಳಕ್ಕೆ ಹೊರಡುವ ಹೊತ್ತು. ಹೆದ್ದಾರಿಗೆ ಬೆನ್ನು ಮಾಡಿ ನಿಂತ ಒಂದು ನರ್ಸಿಂಗ್ ಕಾಲೇಜಿನ ಎರಡನೇ ಮಹಡಿಯಲ್ಲಿ ಸಾವಂತ್ರವ್ವ ಕಿಟಕಿ ತೆರೆಯುತ್ತಾರೆ, ಕಸ ಗುಡಿಸುತ್ತಾರೆ, ಆರು ಮಂಚಗಳ ಚಾದರ ಬದಲಿಸುತ್ತಾರೆ. ಐದು ಮಂಚಗಳ ಮೇಲೆ ರಬ್ಬರಿನ ಬೊಂಬೆಗಳು. ಅವುಗಳ ಮುಖದ ಧೂಳು ಒರೆಸಿ, ಬಿಪಿ ಯಂತ್ರಗಳ ಪಟ್ಟಿ ಸುತ್ತಿಟ್ಟು, ಬಲಗೈಯ ಬಳೆಗಳನ್ನು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾರೆ. ಆಮೇಲೆ ಆರನೇ ಮಂಚದ ಮೇಲೆ ತಾವೇ ಮಲಗುತ್ತಾರೆ.

ಅವರ ನಿಜವಾದ ಕೆಲಸ ಶುರುವಾಗುವುದೇ ಈಗ. ಏಳಕ್ಕೆ ಮೊದಲ ಬ್ಯಾಚಿನ ಹುಡುಗಿಯರು ಬರುತ್ತಾರೆ. ಒಬ್ಬೊಬ್ಬರಾಗಿ ಸಾವಂತ್ರವ್ವನ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತಾರೆ, ಎದೆಯ ಏರಿಳಿತ ನೋಡಿ ಉಸಿರು ಎಣಿಸುತ್ತಾರೆ, ರೆಪ್ಪೆ ಎಳೆದು ರಕ್ತ ಕಡಿಮೆಯಿದೆಯೇ ನೋಡುತ್ತಾರೆ, ಹೊಟ್ಟೆ ಒತ್ತುತ್ತಾರೆ. ದಿನಕ್ಕೆ ಎರಡು ಬ್ಯಾಚು, ಮೂವತ್ತೈದು ಹುಡುಗಿಯರು. ನಾಲಿಗೆ ಮೂವತ್ತೈದು ಸಲ ಹೊರಗೆ ಬರಬೇಕು. ಬಿಪಿ ಪಟ್ಟಿ ಮಾತ್ರ ಒಂದು ತೋಳಿಗೆ ಆರು ಸಲಕ್ಕಿಂತ ಹೆಚ್ಚು ಬಿಗಿಯುವಂತಿಲ್ಲ. ಅದು ಇಲ್ಲಿ ಪಾಠ ಹೇಳುವ ಹರಿಣಾಕ್ಷಿ ಮೇಡಂ ಹಾಕಿದ ಕಟ್ಟಳೆ.

"ಬೊಂಬಿ ಕೈ ಯಾವಾಗ್ಲೂ ಒಂದ ನಮೂನಿ ಬಡೀತದ್ರಿ" ಎನ್ನುತ್ತಾರೆ ಸಾವಂತ್ರವ್ವ. "ಮನಷ್ಯಾರ ಕೈ ಹಂಗಲ್ಲ. ಮೆಟ್ಲಾ ಹತ್ತಿ ಬಂದ್ರ ಬ್ಯಾರೆ, ಸಿಟ್ಟ ಬಂದ್ರ ಬ್ಯಾರೆ. ಅದಕ್ಕ ನಾ ಬೇಕಾಗೇನಿ."

ಕೆಲವು ದಿನ ಮೇಡಂ ಅವರಿಗೆ ಒಂದು ಕಾಯಿಲೆ ಕೊಡುತ್ತಾರೆ. ಇವತ್ತು ಬಲಗಡೆ ಹೊಟ್ಟೆನೋವು, ನಾಳೆ ಸಕ್ಕರೆ ಕಾಯಿಲೆಯ ಬಾಯಾರಿಕೆ. ಸಾವಂತ್ರವ್ವ ನರಳುತ್ತಾರೆ, ಆದರೆ ತಾವಾಗಿ ಏನನ್ನೂ ಬಾಯಿಬಿಡುವುದಿಲ್ಲ. ಸರಿಯಾದ ಪ್ರಶ್ನೆ ಕೇಳಿದ ಹುಡುಗಿಗಷ್ಟೇ ಸರಿಯಾದ ಉತ್ತರ. ಮರಾಠಿ ನೀರು ಕುಡಿದಷ್ಟು ಸಲೀಸಾಗಿ ಬಂದರೂ, ಒಮ್ಮೊಮ್ಮೆ ಬೇಕೆಂದೇ ಬರೀ ಕನ್ನಡ ಆಡುತ್ತಾರೆ. ಭಾಷೆ ಬಾರದ ರೋಗಿಯನ್ನು ಸಂಭಾಳಿಸುವುದೂ ಒಂದು ಪಾಠವೇ. "ಕೇಳಲಾರದ ನಾನ ಹೇಳಿಬಿಟ್ರ ಅವು ಕಲಿಯೂದು ಯಾವಾಗ್ರಿ?"

ರಾಯಬಾಗ ತಾಲೂಕಿನ ಹಳ್ಳಿಯಿಂದ ಸಾವಂತ್ರವ್ವ ಪುಣೆಗೆ ಬಂದು ಇಪ್ಪತ್ತೆಂಟು ವರ್ಷ. ಗಂಡ ಗೂಳಪ್ಪ ಕುರಕುಂಭದ ರಾಸಾಯನಿಕ ಕಾರ್ಖಾನೆಯೊಂದರಲ್ಲಿ ಕಾವಲುಗಾರ. ಶನಿವಾರ ಬಂದು ಸೋಮವಾರ ಹೋಗುತ್ತಾರೆ. ಸಾವಂತ್ರವ್ವ ಮೊದಲು ನಾಲ್ಕು ಮನೆಯ ಪಾತ್ರೆ ತಿಕ್ಕಿದರು, ಆಮೇಲೆ ಇದೇ ಕಾಲೇಜಿನ ಹಾಸ್ಟೆಲಿನಲ್ಲಿ ಚಪಾತಿ ಲಟ್ಟಿಸಿದರು. ಹನ್ನೊಂದು ವರ್ಷದ ಹಿಂದೆ ಪರೀಕ್ಷೆಯ ದಿನ ರೋಗಿಯಾಗಿ ಮಲಗಬೇಕಿದ್ದವರು ಬರಲಿಲ್ಲ. ಹರಿಣಾಕ್ಷಿ ಮೇಡಂ ಅಡುಗೆಮನೆಗೆ ಓಡಿ ಬಂದು, ಹಿಟ್ಟಿನ ಕೈಯಲ್ಲಿದ್ದವರನ್ನು ಮಹಡಿಗೆ ಕರೆದೊಯ್ದರು.

"ಮೊದಲ ದಿನ ನಾಚಿಕಿ ಬಂದು ಕಣ್ಣ ಮುಚ್ಚಿದ್ದೆ. ತೆಗೀಲೇ ಇಲ್ಲ" ಎಂದು ನಗುತ್ತಾರೆ. ಸುದ್ದಿ ಕೇಳಿ ಗೂಳಪ್ಪ ಆ ಶನಿವಾರ ಬಂದವರು ಸೋಮವಾರ ಹೋಗುವವರೆಗೆ ಮಾತು ಬಿಟ್ಟರು. ಮೈ ಮುಟ್ಟಿಸಿಕೊಂಡು ಸಂಬಳ ತರುವವಳು ಎಂದು ಅವರ ಮನೆಯಿದ್ದ ಚಾಳಿನಲ್ಲಿ ಇಬ್ಬರು ಹೆಂಗಸರು ಆಡಿಕೊಂಡರು. ಸಾವಂತ್ರವ್ವ ಜಗಳಕ್ಕೆ ಹೋಗಲಿಲ್ಲ. ಆ ಇಬ್ಬರಲ್ಲಿ ಒಬ್ಬಾಕೆಯ ಸೊಸೆ ಹೆರಿಗೆಗೆ ಆಸ್ಪತ್ರೆ ಸೇರಿದಾಗ ಸಾವಂತ್ರವ್ವನೂ ನೋಡಲು ಹೋದರು. ಅವರ ಕೈಯಲ್ಲೇ ನಾಡಿ ಎಣಿಸಿ ಕಲಿತಿದ್ದ ನರ್ಸು "ಅವ್ವಾ, ನೀವಿಲ್ಲಿ?" ಎಂದು ಸಾವಂತ್ರವ್ವನ ಕಾಲು ಮುಟ್ಟಿದಳು. ಆಡಿಕೊಳ್ಳುವುದು ಅಲ್ಲಿಗೆ ನಿಂತಿತು.

ಇಷ್ಟು ವರ್ಷದಲ್ಲಿ ಅವರಿಗೆ ಒಂದು ವಿದ್ಯೆ ಒಲಿದಿದೆ. ಮಣಿಕಟ್ಟಿನ ಮೇಲಿನ ಬೆರಳಿನಿಂದಲೇ ಯಾರು ಎಣಿಸುತ್ತಿದ್ದಾರೆ, ಯಾರು ಎಣಿಸಿದಂತೆ ನಟಿಸುತ್ತಿದ್ದಾರೆ ಎಂಬುದು ತಿಳಿಯುತ್ತದೆ. "ಖರೇನ ಎಣಸೋ ಹುಡುಗಿ ಗಡಿಯಾರ ನೋಡ್ತಿದ್ರೂ ಆಕಿ ಜೀವ ಬೆರಳನ್ಯಾಗ ಇರ್ತದ."

ಕಳೆದ ಫೆಬ್ರುವರಿಯಲ್ಲಿ ಅಂಥ ಒಂದು ಬೆರಳು ಅವರ ಮಣಿಕಟ್ಟಿನ ಮೇಲಿತ್ತು. ಹುಡುಗಿಯ ಹೆಸರು ಪೂರ್ವಾ, ಗಡಹಿಂಗ್ಲಜದ ಕನ್ನಡ ಮನೆಯವಳು. ಅವತ್ತು ಪರೀಕ್ಷೆ. ಹಿಂದಿನ ಸಲ ನಾಡಿ ತಪ್ಪು ಎಣಿಸಿದಳೆಂದು ಫೇಲಾಗಿದ್ದಳು. ಈ ಸಲವೂ ತಪ್ಪಿದರೆ ಆರು ತಿಂಗಳು ಹಿಂದೆ ಬೀಳುತ್ತಿದ್ದಳು. ಮೇಡಂ ಆ ಹೊತ್ತಿಗೆ ಕೋಣೆಯ ಇನ್ನೊಂದು ತುದಿಯಲ್ಲಿ ಬೊಂಬೆಗಳ ಬಳಿ ಇದ್ದರು. ಅವಳಿಗಿಂತ ಮೊದಲು ಬಂದ ಒಂಬತ್ತು ಜನ ಮಂಚದ ಪಕ್ಕದ ಹಾಳೆಯಲ್ಲಿ ಎಪ್ಪತ್ತೆಂಟು, ಎಂಬತ್ತು, ಎಪ್ಪತ್ತೆಂಟು ಎಂದು ಬರೆದು ಹೋಗಿದ್ದರು. ಪೂರ್ವಾ ಪೂರ್ತಿ ಒಂದು ನಿಮಿಷ ಎಣಿಸಿದಳು. ತೊಂಬತ್ತನಾಲ್ಕು ಬಂತು. ಮತ್ತೆ ಎಣಿಸಿದಳು. ಎಂಬತ್ತೆಂಟು. ಪರದೆ ಎಳೆದು ಎದೆಗೆ ಸ್ಟೆತಾಸ್ಕೋಪ್ ಇಟ್ಟಳು. ನೂರ ಇಪ್ಪತ್ತಾರು.

ಅದನ್ನು ಬರೆಯಲು ಅವಳಿಗೆ ಧೈರ್ಯವಾಗಲಿಲ್ಲ. ಪೆನ್ನು ತೆಗೆದು ಎಂಟು ಎಂದು ಬರೆದಳು, ಮುಂದೆ ಸೊನ್ನೆ ಹಾಕುವುದರಲ್ಲಿದ್ದಳು.

"ಎಷ್ಟ ಬಂತವ್ವಾ?" ಮೆಲ್ಲಗೆ ಕೇಳಿದರು ಸಾವಂತ್ರವ್ವ.

"ಏನೋ ತಪ್ಪಾಗೇದ್ರಿ ಅವ್ವಾ. ಒಂದೊಂದ ಸಲ ಒಂದೊಂದ ಬರಾಕತ್ತದ. ಎಲ್ಲಾರೂ ಎಂಬತ್ತು ಬರದಾರ."

"ಎಲ್ಲಾರ ಸುದ್ದಿ ಬಿಡು. ನಿನ್ನ ಕಿವಿಗೆ ಕೇಳಿಸಿದ್ದು ಬರಿ."

ಪೂರ್ವಾ ಬರೆದ ಎಂಟನ್ನು ಹೊಡೆದು ಹಾಕಿದಳು. ಆಮೇಲೆ ಪರೀಕ್ಷೆಯ ಕಾಗದದಲ್ಲಿ ಇಲ್ಲದ ಒಂದು ಪ್ರಶ್ನೆ ಕೇಳಿದಳು: "ಅವ್ವಾ, ಇತ್ತೀಚಿಗೆ ನಿಮಗ ಖರೇನ ಏನಾರ ತ್ರಾಸ ಆಗ್ತದೇನ್ರಿ?"

ಅವತ್ತು ಮೇಡಂ ಯಾವ ಕಾಯಿಲೆಯನ್ನೂ ಕೊಟ್ಟಿರಲಿಲ್ಲ. ಹೇಳುವುದಕ್ಕಿದ್ದದ್ದು ಸಾವಂತ್ರವ್ವನದೇ. ಎರಡು ತಿಂಗಳಿಂದ ಅವರ ಕೈ ನಡುಗುತ್ತಿತ್ತು, ಕುಬಸ ಸಡಿಲವಾಗಿತ್ತು, ಚಳಿಯಲ್ಲೂ ಬೆವರುತ್ತಿದ್ದರು, ಎರಡನೇ ಮಹಡಿ ಹತ್ತುವಷ್ಟರಲ್ಲಿ ಎದೆ ಬಾಯಿಗೆ ಬರುತ್ತಿತ್ತು. ಗಂಡನಿಗೂ ಹೇಳಿರಲಿಲ್ಲ. ನಾಡಿ ಹೆಚ್ಚು ಬಂತೆಂದ ಹುಡುಗಿಯರಿಗೆ, ಈಗಷ್ಟೇ ಮೆಟ್ಟಿಲು ಹತ್ತಿ ಬಂದೆ ಎಂದುಬಿಡುತ್ತಿದ್ದರು. "ಖರೇ ರೋಗ ಇದ್ದಾಕಿನ್ನ ಆ ಮಂಚದ ಮ್ಯಾಲೆ ಯಾರ ಮಲಗಸ್ತಾರ, ಕೆಲಸ ಹೋಗ್ತದ ಅಂತ ಅಂಜಿದ್ದೆ" ಎನ್ನುತ್ತಾರೆ ಈಗ. "ಆದ್ರ ಆಕಿ ಹಂಗ ಕಣ್ಣಾಗ ಕಣ್ಣಿಟ್ಟು ಕೇಳಿದ ಮ್ಯಾಲ ಸುಳ್ಳ ಹೇಳಾಕ ಬಾಯಿ ಬರಲಿಲ್ಲ."

ಪೂರ್ವಾ ಹೋಗಿ ಹರಿಣಾಕ್ಷಿ ಮೇಡಂ ಅವರನ್ನು ಕರೆದುಕೊಂಡು ಬಂದಳು. ಉಡುಪಿ ಕಡೆಯ ಮೇಡಂ ಮಾತು ಕಡಿಮೆ. "ನೀನು ಎದೆಯಲ್ಲಿ ಎಣಿಸು, ನಾನು ಕೈಯಲ್ಲಿ ಎಣಿಸ್ತೇನೆ. ಒಟ್ಟಿಗೆ ಶುರು ಮಾಡುವ" ಎಂದರು. ಇಬ್ಬರೂ ಪೂರ್ತಿ ಒಂದು ನಿಮಿಷ ಎಣಿಸಿದರು. ಎದೆಯಲ್ಲಿ ನೂರ ಇಪ್ಪತ್ತನಾಲ್ಕು, ಕೈಯಲ್ಲಿ ತೊಂಬತ್ತು. ಹೃದಯ ತಾಳ ತಪ್ಪಿ ಬಡಿಯುತ್ತಿತ್ತು. ಎಷ್ಟೋ ಬಡಿತಗಳು ಮಣಿಕಟ್ಟಿನವರೆಗೆ ತಲುಪುತ್ತಲೇ ಇರಲಿಲ್ಲ. ಮೇಡಂ ಪರೀಕ್ಷೆ ನಿಲ್ಲಿಸಿದರು. ಅರ್ಧ ಗಂಟೆಯಲ್ಲಿ ಸಾವಂತ್ರವ್ವ ಹತ್ತಿರದ ಆಸ್ಪತ್ರೆಯಲ್ಲಿ ನಿಜವಾದ ರೋಗಿಯಾಗಿ ಮಲಗಿದ್ದರು.

ಇಸಿಜಿ ತೆಗೆದರು, ರಕ್ತ ನೋಡಿದರು. ಕತ್ತಿನಲ್ಲಿರುವ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿ ಹೃದಯವನ್ನು ಓಡಿಸುತ್ತಿತ್ತು. ಹೀಗೇ ಬಿಟ್ಟಿದ್ದರೆ ಹೃದಯದೊಳಗೆ ರಕ್ತ ಹೆಪ್ಪುಗಟ್ಟಿ, ಮಿದುಳಿಗೆ ಹೋಗಿ, ಕೈಕಾಲು ಬಿದ್ದುಹೋಗುವ ಸಂಭವವಿತ್ತು ಎಂದರು ವೈದ್ಯರು. ಕುರಕುಂಭದಿಂದ ಪಾಳಿಯ ಅಂಗಿಯಲ್ಲೇ ಓಡಿಬಂದ ಗೂಳಪ್ಪ ಬಾಗಿಲ ಬಳಿಯೇ ಅದನ್ನು ಕೇಳಿಸಿಕೊಂಡರು. "ಗುಳಿಗಿಲೆ ಕಡಿಮಿ ಆಗ್ತದೋ ಇಲ್ಲೋ, ಅಷ್ಟ ಹೇಳ್ರಿ" ಎಂದರು. ಆಗುತ್ತದೆ ಎಂದರು ವೈದ್ಯರು, ಸಮಯಕ್ಕೆ ಸರಿಯಾಗಿ ಸಿಕ್ಕಿದೆ.

ಆಯಿತು. ಐದು ತಿಂಗಳ ಗುಳಿಗೆಯ ನಂತರ ಜುಲೈನಲ್ಲಿ ತೆಗೆದ ಇಸಿಜಿಯಲ್ಲಿ ಗೆರೆಗಳು ಸಮವಾಗಿ ಬಂದವು. ಕೈ ನಡುಕ ನಿಂತಿದೆ, ಕುಬಸ ಮತ್ತೆ ಮೈಗೆ ಹೊಂದಿದೆ. ಅವರು ಹೆದರಿದಂತೆ ಕೆಲಸವೂ ಹೋಗಲಿಲ್ಲ. ಮೂರು ತಿಂಗಳು ಮಂಚದ ಕೆಲಸ ಬಿಡಿಸಿ, ಚಾದರ ಮಡಿಸುವ ಕೆಲಸವನ್ನಷ್ಟೇ ಕೊಟ್ಟಿದ್ದರು.

ಪರೀಕ್ಷೆ ಇನ್ನೊಮ್ಮೆ ನಡೆಯಿತು. ಪೂರ್ವಾ ಮಾತ್ರ ಮತ್ತೆ ಕೂರಬೇಕಾಗಲಿಲ್ಲ. ಮೇಡಂ ಅವಳಿಗೆ ಪೂರ್ತಿ ಅಂಕ ಕೊಟ್ಟರು. ಸಾವಂತ್ರವ್ವ ಹುಷಾರಾದ ಮೇಲೆ, ಅವತ್ತು ಎಂಬತ್ತು ಬರೆದಿದ್ದ ಇಂದೂ ಎಂಬ ಹುಡುಗಿ ತಾನಾಗಿ ಬಂದು, ಎಣಿಸದೆ ಮುಂಚಿನವಳದ್ದನ್ನು ನೋಡಿ ಬರೆದಿದ್ದೆ ಎಂದು ಸಾವಂತ್ರವ್ವನ ಮುಂದೆ ಅತ್ತಳು. "ಅಳಬ್ಯಾಡ. ಇವತ್ತ ಎಣಸು, ಹಿಡಿ" ಎಂದು ಕೈ ಮುಂದೆ ಮಾಡಿದರು ಸಾವಂತ್ರವ್ವ. ಇಂದೂ ಎಣಿಸಿದಳು. ಎಪ್ಪತ್ನಾಲ್ಕು. ಪೂರ್ವಾ ಪಕ್ಕದಲ್ಲಿ ನಿಂತು ಎದೆಯ ಬಡಿತ ಎಣಿಸಿದಳು. ಅಲ್ಲೂ ಎಪ್ಪತ್ನಾಲ್ಕು. ಇಬ್ಬರೂ ನಕ್ಕರು, ಮಲಗಿದ್ದವರೂ ನಕ್ಕರು.

ಬೆಳಗಿನ ಬ್ಯಾಚು ಮುಗಿದು ಹುಡುಗಿಯರು ಚಹಾಕ್ಕೆ ಇಳಿದಿದ್ದಾರೆ. ಸಾವಂತ್ರವ್ವ ಎದ್ದು ಕೂತು ಸೆರಗಿನ ಗಂಟು ಬಿಚ್ಚಿ ಬಳೆ ಏರಿಸಿಕೊಳ್ಳುತ್ತಾರೆ. ಮನಸ್ಸಿನಲ್ಲಿ ಏನಾದರೂ ಆಸೆ ಇದೆಯೇ ಎಂದರೆ, ಊರಲ್ಲಿರುವ ಅಕ್ಕ ಕಲ್ಲವ್ವನ ಮಾತು ತೆಗೆಯುತ್ತಾರೆ. ಅಕ್ಕನಿಗೆ ನಾಲ್ಕು ಹೆಜ್ಜೆಗೆ ಏದುಸಿರು, ಸಂಜೆಗೆ ಪಾದ ಬಾತಿರುತ್ತದೆ. ಕೇಳಿದರೆ ವಯಸ್ಸಾತು ಬಿಡು ಎನ್ನುತ್ತಾಳಂತೆ. ಮುಂದಿನ ತಿಂಗಳು ಆಕೆಯನ್ನು ಬಸ್ಸು ಹತ್ತಿಸಲು ತಮ್ಮನಿಗೆ ಹೇಳಿಯಾಗಿದೆ. ಹರಿಣಾಕ್ಷಿ ಮೇಡಂ ಒಪ್ಪಿದ್ದಾರೆ: ಮೊದಲು ಹುಡುಗಿಯರು ನೋಡಲಿ, ಆಮೇಲೆ ಡಾಕ್ಟರ ಬಳಿ ನಾನೇ ಕರೆದೊಯ್ಯುತ್ತೇನೆ ಎಂದಿದ್ದಾರೆ.

"ಅವತ್ತ ಒಂದ ದಿನ ಈ ಮಂಚದ ಮ್ಯಾಲ ಅಕ್ಕ ಮಲಗ್ತಾಳ್ರಿ" ಎನ್ನುತ್ತಾರೆ ಸಾವಂತ್ರವ್ವ, ದಿಂಬು ತಟ್ಟುತ್ತ. "ನಾ ಬಾಜೂಕ ಕುರ್ಚಿ ಹಾಕ್ಕೊಂಡು ಕುಂಡರ್ತೀನಿ. ಹನ್ನೊಂದ ವರ್ಷಾತು, ಈ ಖೋಲ್ಯಾಗ ಒಮ್ಮೆನೂ ಕುರ್ಚಿ ಮ್ಯಾಲ ಕುಂತಿಲ್ಲ ನಾ."