ಪೀಠದೊಳಗಿನ ಟೊಳ್ಳು

ಶಿವಪುತ್ರಪ್ಪ ಅಂಕಲ್ ಅವರ ಕಿವಿಗೆ ಏನೂ ಆಗಿರಲಿಲ್ಲ. ಆಗಿದೆ ಎಂದು ಅವರನ್ನು ನಂಬಿಸಿದವನು ನಾನು. ನಂಬಿಸುವಾಗ ಅದು ಸುಳ್ಳೆಂದು ನನಗೆ ಚೆನ್ನಾಗಿ ಗೊತ್ತಿತ್ತು — ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದೆ ಮುಂದೆ ಸೇರಿಸಿ ಕಥೆ ಮಾಡುತ್ತ ಹೋದರೆ ನನ್ನ ತಪ್ಪು ನಡುವೆ ಎಲ್ಲೋ ಮೆತ್ತಗಾಗಿ ಕೂತುಬಿಡುತ್ತದೆ. ನನ್ನನ್ನು ನಾನು ಬಲ್ಲೆ. ಮಾತಿನಲ್ಲಿ ನುಣುಚಿಕೊಳ್ಳುವುದು ನನಗೆ ಕಷ್ಟವಲ್ಲ.

ಸಿಂಗಪುರದ ನಮ್ಮ ಬಳಗದಲ್ಲಿ ಇವತ್ತು ಯಾರನ್ನು ಕೇಳಿದರೂ ಹೇಳುತ್ತಾರೆ — ಪಾಪ, ಅಂಕಲ್‌ಗೆ ಕಿವಿ ಮಂದ. ಹಬ್ಬದ ಊಟಕ್ಕೆ ಸೇರಿದಾಗ ಅವರ ಮುಖದ ಹತ್ತಿರ ಬಗ್ಗಿ, "ಅಂಕಲ್, ಊಟ ಆಯ್ತಾ?" ಎಂದು ಕಿರುಚುತ್ತಾರೆ. ಅವರು ನಗುತ್ತ ತಲೆಯಾಡಿಸುತ್ತಾರೆ. ಆ ಕಿರುಚಾಟ ಕಿವಿಗೆ ಬಿದ್ದಾಗಲೆಲ್ಲ ನಾನು ತಟ್ಟೆಯಲ್ಲಿ ಏನನ್ನೋ ಹುಡುಕುವವನಂತೆ ತಲೆ ತಗ್ಗಿಸುತ್ತೇನೆ.

ಅಂಕಲ್ ಗದಗದ ಕಡೆಯವರು. ಹರೆಯದಲ್ಲೇ ಇಲ್ಲಿಗೆ ಬಂದು, ಹಡಗು ಕಟ್ಟುವ ಯಾರ್ಡೊಂದರಲ್ಲಿ ಎಂಜಿನಿಯರ್ ಆಗಿ ದುಡಿದು, ನಿವೃತ್ತಿಯಾದ ಮೇಲೆ ಬುಕಿತ್ ಬಾಟೋಕ್‌ನ ತಮ್ಮ ಫ್ಲಾಟಿನಲ್ಲಿ ಶನಿವಾರ ಸಂಜೆ ಕನ್ನಡದ ಮಕ್ಕಳಿಗೆ ವಚನ ಹಾಡುವುದನ್ನು ಕಲಿಸುತ್ತಿದ್ದರು. ನಾವಿರುವುದು ಟ್ಯಾಂಪಿನೀಸ್‌ನಲ್ಲಿ, ಊರಿನ ಈ ತುದಿ. ಆದರೂ ಮಗಳು ಸಿರಿಯನ್ನು ಎಂಆರ್‌ಟಿ ರೈಲಿನಲ್ಲಿ ಆ ತುದಿಗೆ ಕರೆದುಕೊಂಡು ಹೋಗುತ್ತಿದ್ದೆ. ಅವರ ಪಾಠ ಹಾಗಿತ್ತು. ಅಂಕಲ್ ಮಕ್ಕಳನ್ನು ಬೈಯುತ್ತಿರಲಿಲ್ಲ, ಬಿಡುತ್ತಲೂ ಇರಲಿಲ್ಲ. ಸ್ವರ ಕೂದಲೆಳೆಯಷ್ಟು ಇಳಿದರೂ ತಂಬೂರಿಯಿಂದ ಕೈ ತೆಗೆದು, "ಇಳೀತು ನೋಡವಾ, ಮತ್ತೊಮ್ಮೆ" ಎನ್ನುವರು. "ಐಯೋ ತಾತ, ಎನಫ್ ಲಾ!" ಎಂದು ಸಿರಿ ಗೊಣಗಿದರೆ ಅವರಿಗೆ ಎಲ್ಲಿಲ್ಲದ ನಗು. ನಕ್ಕು, ಮತ್ತೊಮ್ಮೆ ಹಾಡಿಸುವರು. ಅವರಿಗೆ ತಮ್ಮದು ಅಂತ ಅಭಿಮಾನವಿದ್ದದ್ದು ಒಂದೇ — ಕಿವಿ. ಮನೆ, ಪೆನ್ಷನ್, ಓದು, ಯಾವುದರ ಬಗ್ಗೆಯೂ ಅವರು ಜಂಬ ಕೊಚ್ಚಿದ್ದನ್ನು ನಾನು ಕಂಡಿಲ್ಲ.

ನನ್ನ ಜಂಬದ ವಿಷಯಕ್ಕೆ ಬರುತ್ತೇನೆ. ಆಫೀಸಿನಲ್ಲಿ ನಾನು ಸಾಫ್ಟ್‌ವೇರ್‌ನವನು. ನನ್ನ ಕೆಲಸ ಕಣ್ಣಿಗೆ ಕಾಣುವಂಥದ್ದಲ್ಲ, ಕೈಗೆ ಸಿಗುವಂಥದ್ದೂ ಅಲ್ಲ. ಹಾಗಾಗಿ ಮರಗೆಲಸದ ಹುಚ್ಚು ಹಿಡಿಸಿಕೊಂಡಿದ್ದೆ. ಉಬಿ ಎಂಬ ಬಡಾವಣೆಯಲ್ಲಿ ಗಂಟೆಯ ಲೆಕ್ಕಕ್ಕೆ ಜಾಗ, ಉಪಕರಣ ಕೊಡುವ ಒಂದು ವರ್ಕ್‌ಶಾಪ್ ಇತ್ತು. ಅಲ್ಲಿ ಹಳೆಯ ರೆಕಾರ್ಡ್ ಪ್ಲೇಯರ್‌ಗಳಿಗೆ ಪ್ಲಿಂತ್ ಮಾಡುತ್ತಿದ್ದೆ — ಯಂತ್ರ ಕೂರುವ ಮರದ ಪೀಠ. ಎರಡು ಮಾಡಿದ್ದೆ, ಎರಡಕ್ಕೂ ಜನ ಹೊಗಳಿದ್ದರು. ಎರಡು ಹೊಗಳಿಕೆಗೇ ತಲೆ ತಿರುಗುವ ಮನುಷ್ಯ ನಾನು.

ಅಂಕಲ್ ಹತ್ತಿರ ಇಂಗ್ಲೆಂಡಿನಲ್ಲಿ ತಯಾರಾದ ಹಳೆಯ ರೆಕಾರ್ಡ್ ಪ್ಲೇಯರ್ ಇತ್ತು. ಅದರ ಮೂಲ ಪೆಟ್ಟಿಗೆ ಇಲ್ಲಿನ ತೇವಕ್ಕೆ ಉಬ್ಬಿ ಹಾಳಾಗಿ, ಯಂತ್ರ ಮಾತ್ರ ಬಟ್ಟೆ ಸುತ್ತಿಕೊಂಡು ಸ್ಟೋರ್ ರೂಮಿನಲ್ಲಿ ಮಲಗಿತ್ತು. ಅದು ಐಡ್ಲರ್ ಡ್ರೈವ್ ಮಾದರಿ. ಅಂದರೆ ಮೋಟಾರು ತಿರುಗಿ ಒಂದು ರಬ್ಬರ್ ಗಾಲಿಯನ್ನು ತಿರುಗಿಸುತ್ತದೆ, ಆ ಗಾಲಿ ರೆಕಾರ್ಡ್ ಕೂರುವ ತಟ್ಟೆಯ ಅಂಚನ್ನು ಒತ್ತಿ ಹಿಡಿದು ತಟ್ಟೆಯನ್ನು ತಿರುಗಿಸುತ್ತದೆ. ಅಂಥ ಯಂತ್ರದಲ್ಲಿ ಹಾಡು ಎದೆಗೆ ಬಡಿಯುವ ಹಾಗೆ ಬರುತ್ತದೆ. ಆದರೆ ಮೋಟಾರಿನ ನಡುಕವೂ ಜೊತೆಗೇ ಬರುತ್ತದೆ. ಆ ನಡುಕವನ್ನು ನುಂಗಿಕೊಳ್ಳಬೇಕಾದದ್ದು ಕೆಳಗಿನ ಪೀಠ. ಅದು ಭಾರವಾಗಿರಬೇಕು, ಗಟ್ಟಿಯಾಗಿರಬೇಕು, ಒಳಗೆ ಎಲ್ಲೂ ಟೊಳ್ಳಿರಬಾರದು. ಇದನ್ನೆಲ್ಲ ಅಂಕಲ್‌ಗೆ ವಿವರಿಸಿದವನು ನಾನೇ — ಸೋಫಾದ ತುದಿಯಲ್ಲಿ ಕೂತು, ಅವರ ಹೆಂಡತಿ ನೀಲಾ ಆಂಟಿ ಕೊಟ್ಟ ಗಿರಮಿಟ್ ತಿನ್ನುತ್ತ, ದೊಡ್ಡ ಮೇಷ್ಟರ ಹಾಗೆ.

"ಬಸವ ಜಯಂತಿಗೆ ಪೂಜಾ ಮಾಡಿ ಕೂಡಿಸೂಣಪಾ ಮಂಜು. ಮಕ್ಕಳೆಲ್ಲಾ ಬರ್ತಾರ" ಎಂದರು ಅಂಕಲ್. ಆಯಿತು ಎಂದೆ. ದಿನ ಎಣಿಸಿ ನೋಡದೆ ಒಪ್ಪಿಕೊಂಡೆ.

ಪ್ಲೈವುಡ್ ಹಲಗೆಗಳನ್ನು ಯಂತ್ರದ ಆಕಾರಕ್ಕೆ ಕೊರೆದು, ಅಂಟು ಹಚ್ಚಿ, ಒಂದರ ಮೇಲೊಂದು ಹೇರಿ, ಬಿಗಿಯಾಗಿ ಕ್ಲ್ಯಾಂಪ್ ಹಾಕಿ ಒಣಗಲು ಬಿಡಬೇಕು. ಇಲ್ಲಿನ ಹವೆಯಲ್ಲಿ ಅಂಟು ಬೇಗ ಒಣಗುವುದಿಲ್ಲ; ಮರುದಿನದವರೆಗೂ ಮುಟ್ಟಬಾರದು. ಆಫೀಸಿನ ಕೆಲಸ ಎಳೆದಾಡಿ, ನಾನು ಅಂಟು ಹಚ್ಚಿದ್ದೇ ಹಬ್ಬದ ಹಿಂದಿನ ದಿನ ಬೆಳಗ್ಗೆ. ಸಂಜೆಗೆ ಆ ಮೇಜನ್ನು ಬೇರೆಯವರು ಬುಕ್ ಮಾಡಿದ್ದರು. ಅಂಕಲ್‌ಗೆ ಒಂದು ಫೋನ್ ಮಾಡಿ, ಆಗಿಲ್ಲ, ಮುಂದಿನ ವಾರ ತರುತ್ತೇನೆ ಎನ್ನಬಹುದಿತ್ತು. ಅವರು ಏನೂ ಅನ್ನುತ್ತಿರಲಿಲ್ಲ. ಆದರೆ ಬಳಗದವರೆಲ್ಲ ಬರುತ್ತಾರೆ, ನನ್ನ ಕೈಕೆಲಸ ನೋಡುತ್ತಾರೆ ಎಂದು ನಾನೇ ಊರಿಗೆಲ್ಲ ಡಂಗುರ ಹೊಡೆದಿದ್ದೆ. ಕ್ಲ್ಯಾಂಪ್ ಬಿಚ್ಚಿದೆ.

ಮೋಟಾರು ಕೂರುವ ಕಡೆ, ನಡುವಿನ ಎರಡು ಹಲಗೆಗಳು ಬಿಟ್ಟುಕೊಂಡವು. ಕೂದಲು ಹೋಗುವಷ್ಟು ಸಂದು. ಬೆರಳಿನ ಗೆಣ್ಣಿನಿಂದ ತಟ್ಟಿದೆ — ಎಲ್ಲ ಕಡೆ ಗಟ್ಟಿ ಸದ್ದು, ಅಲ್ಲಿ ಮಾತ್ರ ಟೊಳ್ಳು ಸದ್ದು. ಆಮೇಲೆ ಮರದ ಪುಡಿಗೆ ಅಂಟು ಕಲಸಿ ಸಂದಿನ ಬಾಯಿ ಮುಚ್ಚಿದೆ. ಮೇಲೆ ತೇಗದ ತೆಳು ವೆನೀರ್ ಹಾಳೆ ಅಂಟಿಸಿ, ಎಣ್ಣೆ ಒರೆಸಿದೆ. ಫಳಫಳ ಅನ್ನುತ್ತಿತ್ತು.

ಮರುದಿನ ಬೆಳಗ್ಗೆ ಅಂಕಲ್ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ ಬಂದು, ಆ ಪೀಠದ ಎದುರಿನ ಅಂಚಿಗೆ ಮೂರು ಬೆರಳಿನಿಂದ ವಿಭೂತಿ ಎಳೆದರು. ಆಂಟಿ ಹೂವಿಟ್ಟರು. ಅಲ್ಲಿಗೆ ಅದು ಮರದ ಸಾಮಾನಾಗಿ ಉಳಿಯಲಿಲ್ಲ. ವಿಭೂತಿ ಹಚ್ಚಿದ್ದನ್ನು ಬಿಚ್ಚಿ, ಇದು ಸರಿಯಿಲ್ಲ, ವಾಪಸ್ ಒಯ್ಯುತ್ತೇನೆ ಎನ್ನುವ ಧೈರ್ಯ… ಇಲ್ಲ, ವಿಭೂತಿಯ ಮೇಲೆ ಹಾಕುವುದೂ ತಪ್ಪು. ಅದನ್ನು ಹಚ್ಚುವ ಮೊದಲೂ ನನ್ನಲ್ಲಿ ಆ ಧೈರ್ಯವಿರಲಿಲ್ಲ. ರೆಕಾರ್ಡ್ ಹಾಕಿದರು. ಎಲ್ಲರೂ ಚಪ್ಪಾಳೆ ತಟ್ಟಿದರು, ನನ್ನ ಬೆನ್ನೂ ತಟ್ಟಿದರು. ಅಂಕಲ್ ಮಾತ್ರ ತಲೆ ಓರೆ ಮಾಡಿಕೊಂಡು ಏನನ್ನೋ ಆಲಿಸುತ್ತಿದ್ದರು.

ಮುಂದಿನ ವಾರ ಸಿರಿಯನ್ನು ಪಾಠಕ್ಕೆ ಬಿಟ್ಟಾಗ ಅವರೇ ಕೇಳಿದರು. "ಮಂಜು, ಹಾಡಿನ ಕೆಳಗ ಏನೋ ಗುಂಯ್ ಅಂತದ ನೋಡಪಾ. ಆಲಾಪ ಸಣ್ಣಗಾದಾಗ ಕೇಳಸ್ತದ."

ಹೆಡ್‌ಫೋನ್ ಹಾಕಿಕೊಂಡೆ. ಕೇಳಿಸಿತು. ಗಾಯಕ ಉಸಿರು ತೆಗೆದುಕೊಳ್ಳುವ ಕಡೆಯಲ್ಲೆಲ್ಲ ಕೆಳಗಿನಿಂದ ಮೊರೆಯುವ ಸದ್ದು, ನಾನು ತಟ್ಟಿ ನೋಡಿದ್ದ ಆ ಟೊಳ್ಳಿನದೇ. ಹೆಡ್‌ಫೋನ್ ತೆಗೆದು, "ನನಗೇನೂ ಕೇಳಿಸ್ತಿಲ್ಲ ಅಂಕಲ್" ಎಂದೆ.

"ಹೌದೇನು? ಮಷೀನ್ ಬಂದ್ ಮಾಡಿದ್ರ ನಿಂತ್ ಬಿಡ್ತದಲ್ಲ?"

ಆಗ ಆ ಮಾತು ಆಡಿದೆ. ಒಂದೊಂದು ಅಕ್ಷರವೂ ನೆನಪಿದೆ. "ಅಂಕಲ್, ಬೇಜಾರ್ ಮಾಡ್ಕೋಬೇಡಿ. ಅಷ್ಟು ವರ್ಷ ಯಾರ್ಡಲ್ಲಿ ಆ ಸೌಂಡ್ ಮಧ್ಯೆ ಕೆಲಸ ಮಾಡಿದೀರ. ಕಿವಿ ಡ್ಯಾಮೇಜ್ ಆದ್ರೆ ಹೀಗೇನೇ, ಕೆಲವು ಸೌಂಡ್ ಬಂದಾಗ ಮಾತ್ರ ಒಳಗಿಂದ ಗುಂಯ್ ಅನ್ನುತ್ತೆ. ಪ್ರಾಬ್ಲಮ್ ಮೆಷಿನ್ನಲ್ಲಿಲ್ಲ."

ಅವರ ಮುಖ ನೋಡುತ್ತ ಹೇಳಿದೆ. ಯಾರ್ಡಿನ ಗದ್ದಲದಲ್ಲಿ ಜೊತೆಯವರ ಕಿವಿ ಹೋದದ್ದನ್ನು ಅವರೇ ನನಗೆ ಹಿಂದೊಮ್ಮೆ ಹೇಳಿದ್ದರು. ಆ ಭಯ ಅವರೊಳಗೆ ಎಲ್ಲಿದೆ ಎಂದು ನನಗೆ ಗೊತ್ತಿತ್ತು, ಅಲ್ಲಿಗೇ ಕೈ ಹಾಕಿದೆ. ಅವರು "ಇರಬಹುದಪಾ" ಎಂದರು. ನನಗೆ — ಹೇಳಲು ನಾಚಿಕೆಯಾಗುತ್ತದೆ — ಬೀಸುವ ದೊಣ್ಣೆ ತಪ್ಪಿದಷ್ಟು ಹಗುರಾಯಿತು.

ಆಂಟಿ ಅವರನ್ನು ಪಾಲಿಕ್ಲಿನಿಕ್‌ಗೆ ಕರೆದುಕೊಂಡು ಹೋದರು. ಅಲ್ಲಿಂದ ಆಸ್ಪತ್ರೆಗೆ ಕಳಿಸಿ ಕಿವಿ ಪರೀಕ್ಷೆಯಾಯಿತು. ವಯಸ್ಸಿಗೆ ತಕ್ಕಂತೆ ಚೆನ್ನಾಗಿಯೇ ಇದೆ ಎಂದರಂತೆ. ಅಂಕಲ್ ಅದನ್ನು ನಂಬಲಿಲ್ಲ. "ಅವ್ರು ಪೀಂ ಪೀಂ ಅಂತ ಸದ್ದು ಮಾಡಿ ಬಟನ್ ಒತ್ತು ಅಂತಾರ. ಸಂಗೀತದ ಕಿವಿ ಅವ್ರಿಗೇನ್ ತಿಳೀತದ? ಮಂಜು ನಮ್ಮ ಹುಡುಗ, ಅವ ಸುಳ್ಳ್ಯಾಕ ಹೇಳ್ತಾನ?" — ಇದನ್ನು ನನ್ನೆದುರೇ ಹೇಳಿದರು. ಆಂಟಿ ನನ್ನ ಕಡೆ ನೋಡಿದರು, ನಾನು ಏನಾದರೂ ಹೇಳಲಿ ಎಂದು. ನಾನು ಫೋನ್ ನೋಡಿಕೊಂಡೆ.

ಆಮೇಲೆ ಆದದ್ದೆಲ್ಲ ನಿಧಾನವಾಗಿ ಆಯಿತು. ಒಂದು ಶನಿವಾರ ಸಿರಿ ರೈಲಿನಲ್ಲಿ ನನ್ನ ಭುಜಕ್ಕೊರಗಿ, "ಅಪ್ಪ, ತಾತ ಈಗ ಸ್ಟಾಪೇ ಮಾಡ್ಸಲ್ಲ. ನಾನು ರಾಂಗ್ ಹಾಡಿದ್ರೂ. 'ಸರಿ ಇತ್ತೇನವಾ?' ಅಂತ ನನ್ನೇ ಕೇಳ್ತಾರೆ" ಎಂದಳು. ನೀನೇನು ಹೇಳಿದೆ ಎಂದು ಕೇಳಿದೆ. "ಯೆಸ್ ಅಂದೆ. ಬೇಗ ಮುಗಿಯುತ್ತಲ್ಲ." ಅವಳಿಗೆ ಬೈಯಲು ಬಾಯಿ ತೆರೆದೆ. ಯಾವ ಬಾಯಿಂದ ಬೈಯಲಿ?

ಕೊನೆಗೆ ಅವರೇ ಪಾಲಕರನ್ನು ಕೂರಿಸಿಕೊಂಡು, ಕಿವಿ ಕೇಳದವನು ಕಲಿಸಿದರೆ ಮಕ್ಕಳು ಹಾಳಾಗುತ್ತಾರೆ, ಬೇರೆ ಗುರುಗಳನ್ನು ನೋಡಿಕೊಳ್ಳಿ ಎಂದರು. ತಂಬೂರಿಯನ್ನು ಒಂದು ಸಂಗೀತ ಶಾಲೆಗೆ ಕೊಟ್ಟುಬಿಟ್ಟರು. ಅದನ್ನು ಟ್ಯಾಕ್ಸಿಗೆ ಇಳಿಸಿಕೊಟ್ಟವನೂ ನಾನೇ. ಟ್ಯಾಕ್ಸಿ ಹೋದ ಮೇಲೂ ಅವರು ಕಟ್ಟಡದ ಕೆಳಗಿನ ತೆರೆದ ವಾಯ್ಡ್ ಡೆಕ್‌ನಲ್ಲೇ ನಿಂತಿದ್ದರು. ಶನಿವಾರಗಳಂದು ಅವರು ಏನು ಮಾಡುತ್ತಿದ್ದರೋ — ನಾನು ಕೇಳಲಿಲ್ಲ. ಕೇಳುವ ಯೋಗ್ಯತೆಯಿರಲಿಲ್ಲ ಎಂದರೆ ಅದೂ ಬಣ್ಣದ ಮಾತು, ಉತ್ತರ ಬೇಡವಾಗಿತ್ತು.

ಇಷ್ಟಕ್ಕೇ ನಿಂತಿದ್ದರೆ… ಆದರೆ ಸರಿಪಡಿಸಲು ಹೋಗಿ ನಾನು ಮಾಡಿದ್ದು ಇನ್ನೂ ಕೆಟ್ಟದ್ದು.

ಎರಡು ವರ್ಷವಾದ ಮೇಲೆ, ಎಣ್ಣೆ ಹಾಕಿ ಸರ್ವಿಸ್ ಮಾಡಿಕೊಡುತ್ತೇನೆ ಎಂದು ನೆಪ ಹೇಳಿ ಯಂತ್ರವನ್ನೂ ಪೀಠವನ್ನೂ ಒಯ್ದೆ. ಹಲಗೆಗಳನ್ನು ಬಿಡಿಸಿದೆ. ಒಳಗೆ ಅಂಗೈಯಗಲ ಜಾಗದಲ್ಲಿ ಅಂಟು ಹಿಡಿದೇ ಇರಲಿಲ್ಲ, ಹಚ್ಚಿದ ಹಾಗೇ ಒಣಗಿ ಹಳದಿಯಾಗಿತ್ತು. ಹೊಸ ಹಲಗೆ ಕೊರೆದು, ಈ ಸಲ ಅವಸರ ಮಾಡದೆ, ಸರಿಯಾಗಿ ಕಟ್ಟಿದೆ. ಕೂರಿಸಿ ಕೇಳಿದೆ. ಯಂತ್ರದ ಕೆಳಗೆ ಸದ್ದಿಲ್ಲ, ಹಾಡಷ್ಟೇ. ಒಂದು ಮಾತೂ ಆಡದೆ ತಪ್ಪು ತಿದ್ದಿಬಿಡಬಹುದು ಎಂದು ಹಿಗ್ಗಿದೆ. ಅವರು ಕೇಳುತ್ತಾರೆ, ಗುಂಯ್ ಹೋಗಿರುತ್ತದೆ, ಕಿವಿ ಸರಿಯಾಯಿತು ಎಂದುಕೊಳ್ಳುತ್ತಾರೆ, ಮಕ್ಕಳು ಮರಳಿ ಬರುತ್ತಾರೆ — ಹೀಗೆ.

ಅಂಕಲ್ ತಮಗೆ ಬಾಯಿಪಾಠವಾಗಿದ್ದ ರೆಕಾರ್ಡನ್ನೇ ಹಾಕಿದರು. ಆಲಾಪ ಸಣ್ಣಗಾಗುವ ಜಾಗ ಬಂತು. ಅವರು ಮುಂದೆ ಬಾಗಿದರು. ಮುಳ್ಳನ್ನು ಎತ್ತಿ ಅದೇ ಜಾಗಕ್ಕೆ ಮತ್ತೆ ಇಟ್ಟರು. ಮತ್ತೊಮ್ಮೆ ಇಟ್ಟರು. ಅವರ ಮುಖದಲ್ಲಿ ನಾನು ಕಾಯುತ್ತಿದ್ದ ಸಂತೋಷ ಬರಲಿಲ್ಲ.

"ಈಗ ಗುಂಯ್ ಅನ್ನೂದು ಸೈತ ಕೇಳಸವಲ್ದು, ನೀಲಾ" ಎಂದರು ಆಂಟಿಗೆ. "ಕೆಳಗಿನ ಸ್ವರಾನೂ ಹೋದ್ವು ಕಾಣಸ್ತದ." ಆಂಟಿ ಅವರ ಬೆನ್ನ ಮೇಲೆ ಕೈಯಿಟ್ಟರು. ಅವರು ರೆಕಾರ್ಡನ್ನು ಕವರಿಗೆ ಹಾಕಿ, ಯಂತ್ರದ ಮೇಲೆ ಬಟ್ಟೆ ಹೊದಿಸಿದರು.

ನಾನು ಅಲ್ಲೇ ಇದ್ದೆ, ಕೈಯಳತೆಯಲ್ಲಿ. ಒಂದೇ ಒಂದು ವಾಕ್ಯ ಸಾಕಿತ್ತು. ಚಹಾ ಕುಡಿದೆ, ಕಪ್ಪನ್ನು ಸಿಂಕಿಗೆ ಇಟ್ಟೆ, ಬರುತ್ತೇನೆ ಎಂದು ಹೊರಟುಬಂದೆ. ಸದ್ದು ಇದ್ದರೂ ಅವರ ಕಿವಿಯದೇ ತಪ್ಪು, ಇಲ್ಲದಿದ್ದರೂ ಅವರ ಕಿವಿಯದೇ ತಪ್ಪು — ಅಲ್ಲಿಗೆ ತಂದು ನಿಲ್ಲಿಸಿದ್ದೆ ಆ ಮನುಷ್ಯನನ್ನು.

ಅದಾಗಿಯೂ ವರ್ಷಗಳು ಕಳೆದಿವೆ. ಸಿರಿ ಹಾಡುವುದನ್ನು ಬಿಟ್ಟಿದ್ದಾಳೆ. ಅಂಕಲ್ ಈಗ ಹೆಚ್ಚು ಮಾತಾಡುವುದಿಲ್ಲ. ಗುಂಪಿನಲ್ಲಿ ಯಾರಾದರೂ ಹಾಡಿದರೆ ಎದ್ದು ಬಾಲ್ಕನಿಗೆ ಹೋಗುತ್ತಾರೆ. ಎಲ್ಲರೂ ಅವರಿಗೆ ಕೇಳಿಸದಿದ್ದದ್ದಕ್ಕೆ ಹೋದರು ಎಂದುಕೊಳ್ಳುತ್ತಾರೆ. ಮೊನ್ನೆ ಒಂದು ಮನೆಯಲ್ಲಿ ಯಾವುದೋ ಮಗು ವಚನ ಹಾಡುತ್ತಿತ್ತು, ಸ್ವರ ಇಳಿಯಿತು. ಬಾಲ್ಕನಿಯಲ್ಲಿ ನಿಂತಿದ್ದ ಅವರ ಹೆಗಲು ಆ ಕ್ಷಣಕ್ಕೆ ಸರಿಯಾಗಿ ಸಣ್ಣಗೆ ಕುಗ್ಗಿತು. ಬೇರೆ ಯಾರೂ ನೋಡಲಿಲ್ಲ. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು, "ನನಗೆ ಯಾಕೆ ಹೇಳ್ತಿದೀಯ?" ಎಂದಳು.

ಈ ಶನಿವಾರ ಬುಕಿತ್ ಬಾಟೋಕ್‌ಗೆ ಹೋಗುತ್ತಿದ್ದೇನೆ. ಅವರ ಹತ್ತಿರ ಮಕ್ಕಳನ್ನು ಪಾಠಕ್ಕೆ ಕಳಿಸುತ್ತಿದ್ದ ಪಾಲಕರನ್ನೂ ಬರಹೇಳಿದ್ದೇನೆ. ಊರೆಲ್ಲ ನಂಬಿದ ಸುಳ್ಳನ್ನು ಗುಟ್ಟಾಗಿ ವಾಪಸ್ ತೆಗೆದುಕೊಳ್ಳಲು ಬರುವುದಿಲ್ಲ. ಕ್ಷಮಿಸಿ ಎಂದು ಕೇಳುವುದಿಲ್ಲ. ಅವರು ಬಾಗಿಲು ತೋರಿಸಿದರೆ ಎದ್ದು ಬರುತ್ತೇನೆ. ಅಷ್ಟು ಶನಿವಾರಗಳನ್ನು ಯಾರೂ ಅವರಿಗೆ ಹಿಂದಿರುಗಿಸಲಾರರು, ನನ್ನಿಂದಂತೂ ಸಾಧ್ಯವೇ ಇಲ್ಲ. ಎದುರಿಗೆ ಕೂತು, ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ. ಕೂಗಿ ಹೇಳುವ ಅಗತ್ಯವಿಲ್ಲ — ಮೆಲ್ಲಗೆ ಹೇಳಿದರೂ ಅವರಿಗೆ ಕೇಳಿಸುತ್ತದೆ.