ಪುರಾಣದ ಪೀಠದ ಮೇಲೆ ಟ್ಯಾಬು

ಮೊದಲು ಬಾಗಿದ್ದು ಸಾಲುಗಳು. ಪುರಾಣದ ಪುಸ್ತಕ ಓದುತ್ತಿದ್ದೆ. ನೆಟ್ಟಗಿದ್ದ ಸಾಲು ಬಟ್ಟೆ ಒಣಹಾಕಿದ ಹಗ್ಗದ ಹಾಗೆ ನಡುವೆ ಜೋತುಬಿತ್ತು. ಅಚ್ಚು ಹಾಕಿದವರನ್ನು ಬೈದೆ. ಮದುವೆಯಾಗಿ ಭಾಗ್ಯನಗರಕ್ಕೆ ಬಂದಾಗಿನಿಂದ ಓದುತ್ತಿರುವ ಪುಸ್ತಕ ಅದು ಎಂಬುದು ಆಗ ಹೊಳೆಯಲಿಲ್ಲ.

ಆಮೇಲೊಂದು ದಿನ ಮೊಮ್ಮಗಳು ಅಕ್ಷತಾ ಎದುರಿಗೆ ನಿಂತಳು. ಕಿವಿಯ ಝುಮಕಿ ಕಂಡವು.

ಮುಖ ಕಾಣಲಿಲ್ಲ.

ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳು. ಆದರೆ ಶ್ರಾವಣ ಬಂತೆಂದರೆ ಓಣಿಯಲ್ಲಿ ಸಂಜೆ ಪುರಾಣ ಓದುವವಳು ನಾನೇ. ಎಲ್ಲರೂ ಪುರಾಣದಮ್ಮ ಎಂದೇ ಕರೆಯುತ್ತಾರೆ. ಆ ಹೆಸರು ಹೋದರೆ ನನಗೆ ಉಳಿಯುವುದೇನು?

ಮಗ ಮಲ್ಲಪ್ಪ ಕಣ್ಣಿನ ಆಸ್ಪತ್ರೆಗೆ ಕರೆದೊಯ್ದ. ಸ್ಕ್ಯಾನ್ ಮಾಡಿದರು. ಡಾಕ್ಟರ್ ಅವನೊಬ್ಬನನ್ನೇ ಒಳಗೆ ಕರೆದರು. ಹೊರಗೆ ಬಂದವನು, "ಇಂಜೆಕ್ಷನ್ ಮಾಡಿಸಿದ್ರ ಮೊದಲಿನಂಗ ಆಕ್ಕತಂತ ಯವ್ವಾ. ಶ್ರಾವಣಕ್ಕ ನೀನ ಓದ್ತಿ" ಎಂದ.

ಕಣ್ಣಿನೊಳಗೆ ಸೂಜಿ. ಆ ಮಾತು ನಂಬಿ ಅಲುಗಾಡದೆ ಮಲಗಿದೆ. ಪ್ರತಿ ಸಲ ಮನೆಗೆ ಬಂದು ಪುಸ್ತಕ ಬಿಚ್ಚಿದರೆ ನೋಟದ ನಡುವೆ, ಅಕ್ಷತಾಳ ಮುಖ ಮುಚ್ಚಿದ್ದ ಅದೇ ಕಪ್ಪು. ಔಷಧ ನಿಧಾನಕ್ಕೆ ಹತ್ತುತ್ತದೆ ಎಂದುಕೊಂಡು ಮತ್ತೆ ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದೆ.

ಒಂದು ಸಲ ಮಲ್ಲಪ್ಪನ ಬದಲು ಅಕ್ಷತಾ ಜೊತೆಗೆ ಬಂದಳು. ಶ್ರಾವಣದೊಳಗೆ ಗುಣವಾದೀತೇ ಎಂದು ನಾನೇ ಡಾಕ್ಟರನ್ನು ಕೇಳಿದೆ.

"ನಡುವಿನ ದೃಷ್ಟಿ ವಾಪಸ್ ಬರಂಗಿಲ್ಲರಿ ಅಮ್ಮಾ. ಎರಡೂ ಕಣ್ಣಾಗ ಮ್ಯಾಕುಲಾ, ಅಂದ್ರ ಕಣ್ಣಿನ ಪರದೆ ನಟ್ಟನಡುವಿನ ಭಾಗ, ಹಾಳಾಗೇತಿ. ಇಂಜೆಕ್ಷನ್ ಇರೋದು ಉಳಿದದ್ದನ್ನ ಕಾಯಾಕ. ಮೊದಲ ದಿನಾನ ನಿಮ್ಮ ಮಗಗ ಹೇಳೀನಲ್ಲ."

ಅಕ್ಷತಾಳ ಕಡೆ ತಿರುಗಿದೆ. ಅವಳು ನನ್ನ ಕೈ ಹಿಡಿದು, "ಏಳು ಅಜ್ಜಿ, ಮನಿಗೆ ಹೋಗೂಣು" ಎಂದಳು.

ಅವಳಿಗೂ ಗೊತ್ತಿತ್ತು.

ಕಣ್ಣು ಕೈಕೊಟ್ಟಿದ್ದನ್ನು ವಯಸ್ಸಿನ ಮೇಲೆ ಹಾಕಬಹುದು. ಹೆತ್ತ ಮಗ ಕೈಕೊಟ್ಟಿದ್ದನ್ನು ಯಾವುದರ ಮೇಲೆ ಹಾಕಲಿ? ಮನೆಗೆ ಬಂದ ಮೇಲೆ ಇನ್ನೊಂದು ತಿಳಿಯಿತು. ಈ ಸಲ ಓದಲು ಬೇರೆಯವರನ್ನು ನೋಡಿಕೊಳ್ಳಿ ಎಂದು ಅವನು ಓಣಿಯವರಿಗೆ ಆಗಲೇ ಹೇಳಿದ್ದ.

"ನಿನಗ ಬ್ಯಾಸರ ಆಕ್ಕತಂತ ಹೇಳಲಿಲ್ಲ ಯವ್ವಾ."

"ಈಗ ಭಾಳ ಸಂತೋಷ ಆತು ಬಿಡಪ್ಪ."

ಆಮೇಲೆ ಅವನೊಡನೆ ಮಾತು ಬಿಟ್ಟೆ.

ಅಕ್ಷತಾ ಅದೇ ಪುರಾಣವನ್ನು ತನ್ನ ಟ್ಯಾಬಿನಲ್ಲಿ ಹುಡುಕಿ ತೆಗೆದಳು. ಕಪ್ಪು ಹಾಳೆ, ಬಿಳಿ ಅಕ್ಷರ, ಒಂದೊಂದೂ ಹೆಬ್ಬೆರಳಿನಷ್ಟು. ಇದು ಗಾಜು, ಪುಸ್ತಕ ಅಲ್ಲ ಎಂದು ಆಚೆ ನೂಕಿದೆ. ಮರುದಿನ ಕೈ ತಾನಾಗಿ ಅತ್ತ ಹೋಯಿತು. ಸ್ನಾನ ಮಾಡಿ, ಟ್ಯಾಬನ್ನು ಪೀಠದ ಮೇಲಿಟ್ಟು, ಪುಸ್ತಕಕ್ಕೆ ಹಚ್ಚುವ ಹಾಗೆ ಮೂರು ಬೆರಳಿಂದ ಗಾಜಿನ ಮೇಲೆ ವಿಭೂತಿ ಎಳೆದೆ. ಅಕ್ಷರಗಳೆಲ್ಲ ದಡದಡ ಓಡಿದವು.

"ಏನಾತವ್ವ ಇದು?"

"ಸುರು ಮಾಡೂಕ್ಕಿಂತ ಮೊದಲ ಕಡೀ ಪುಟದ ಮಂಗಳಕ್ಕ ಬಂದಿ ಅಜ್ಜಿ. ಆರತಿ ತರ್ಲೇನು?"

ಅವಳು ನಕ್ಕಳು. ನಾನೂ ನಕ್ಕುಬಿಟ್ಟೆ. ಅವಳ ಮೇಲಿನ ಸಿಟ್ಟು ಅಲ್ಲಿಗೆ ಕರಗಿತು. ಈಗ ವಿಭೂತಿ ಟ್ಯಾಬಿನ ಬೆನ್ನಿಗೆ.

ಅಕ್ಷರವನ್ನು ನೇರ ನೋಡಬಾರದು, ಅದರ ತುಸು ಮೇಲೆ ನೋಡಬೇಕು ಎಂದು ಆಸ್ಪತ್ರೆಯಲ್ಲಿ ಕಲಿಸಿಕೊಟ್ಟರು. ಆಗ ಅದು ಕಪ್ಪಿನ ಅಂಚಿನಿಂದ ಇಣುಕುತ್ತದೆ. ಮೊದಲು ಸಿಕ್ಕ ಪದ 'ಗುರು'. ಅಡುಗೆಮನೆಗೆ ಕೇಳುವಂತೆ ಕೂಗಿ ಓದಿದೆ. ಮುಂದಿನ ಪದಕ್ಕೆ ಹೋಗದೆ ಅದನ್ನೇ ಮತ್ತೆ ಓದಿದೆ. ಕಾಗದದ ವಾಸನೆ ಇಲ್ಲ, ಬೆರಳಿಗೆ ಉಗುಳು ಹಚ್ಚಿಕೊಂಡರೆ ಹಾಳೆ ತಿರುಗುವುದಿಲ್ಲ. ಆದರೆ ಮುಸ್ಸಂಜೆಗೆ ದೀಪ ಹಚ್ಚಿರಿ ಎಂದು ಯಾರನ್ನೂ ಕರೆಯಬೇಕಿಲ್ಲ. ಇದರಲ್ಲಿ ಇಷ್ಟು ಸುಖ ಇದೆಯೆಂದು ಯಾರು ಹೇಳಿದ್ದರೂ ನಾನು ನಂಬುತ್ತಿರಲಿಲ್ಲ.

ಶ್ರಾವಣದ ಮೊದಲ ಸಂಜೆ, ಬೇರೆಯವರನ್ನು ಗೊತ್ತುಮಾಡಿಕೊಂಡಿದ್ದ ಓಣಿಯವರು ನಾನು ಕೇಳಿಕೊಂಡಿದ್ದಕ್ಕೆ ನನಗೆ ಒಂದು ಅಧ್ಯಾಯ ಕೊಟ್ಟರು. ಒಂದೇ. ಪೀಠದ ಮೇಲೆ ಹಳೆಯ ಪುಸ್ತಕ, ಅದರ ಮೇಲೆ ಟ್ಯಾಬು. ತಡವರಿಸಿದೆ. ನಿಂತೆ. ಮುಗಿಸಿದೆ.

ಮಲ್ಲಪ್ಪ ಹತ್ತಿರ ಬಂದು ಕೂತ. "ಖರೇನ ಕಾಣ್ತೈತೇನು ಯವ್ವಾ?"

"ಅಕ್ಷರ ಕಾಣ್ತಾವ. ನಿನ್ನ ಮಾರಿ ಕಾಣವಲ್ದು."

ಅವನು ಇನ್ನಷ್ಟು ಹತ್ತಿರ ಸರಿದ.

"ಮುಂದಿನ ಇಂಜೆಕ್ಷನ್ನಿಗೆ ನೀನ ಕರಕೊಂಡ ಹೋಗು. ಡಾಕ್ಟರ್ ಹೇಳೂದನ್ನ ನಾ ಕೇಳ್ತೀನಿ. ನೀ ಹೊರಗ ಕೂಡು."

ಹೂಂ ಎಂದ. ಅಷ್ಟರಲ್ಲಿ ಟ್ಯಾಬು ಆರಿತ್ತು. ಬೆರಳು ಮುಟ್ಟಿಸಿದೆ. ನಾನು ನಿಲ್ಲಿಸಿದ ಸಾಲಿನಲ್ಲೇ ಕಾದಿತ್ತು.