ಡ್ರೈವರ್ ಕಾಕಾ ಕೇಳಿಸಿಕೊಂಡ ಸದ್ದು

ಹೋದ ವಾರ ನರಗುಂದದ ಒಂದು ಗ್ಯಾರೇಜಿನಲ್ಲಿ ಕಾರು ಬಿಟ್ಟು ನಿಂತಿದ್ದೆ. ಮುಂದಿನ ಗಾಲಿ ಬಿಚ್ಚಿದ ಕೂಡಲೇ ಕಾದ ಕಬ್ಬಿಣದ ಪುಡಿಯ ವಾಸನೆ ಬಂತು. ಒಣ, ತುಸು ಕಹಿ, ಗಂಟಲಿಗೆ ಹತ್ತುವ ವಾಸನೆ. ಗಾಲಿ ಬಿಚ್ಚಿದವನು ಏನೋ ಹೇಳುತ್ತಿದ್ದ, ನಾನು ತಲೆಯಾಡಿಸುತ್ತಿದ್ದೆ. ಮನಸ್ಸು ಮಾತ್ರ ರೋಣದ ನಮ್ಮ ಓಣಿಗೆ, ಎಂಟು ವರ್ಷ ಹಿಂದಿನ ಒಂದು ಮುಂಜಾನೆಗೆ ಹೋಗಿಬಿಟ್ಟಿತ್ತು...

ನಾನು ದನದ ಡಾಕ್ಟರು. ಅಬ್ಬಿಗೇರಿ, ಜಕ್ಕಲಿ, ಸೂಡಿ ಎಂದು ಊರೂರು ತಿರುಗುವ ಕೆಲಸ. ಅದಕ್ಕೆಂದೇ ಒಂದು ಹಳೆಯ ಕಾರು ಕೊಂಡಿದ್ದೆ. ಅದನ್ನು ಓಡಿಸಲು ಕಲಿಸಿದವರು ಪಕ್ಕದ ಮನೆಯ ಹಿರಿಯರು. ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು, ಹಾಗಾಗಿ ಓಣಿಗೆಲ್ಲ ಡ್ರೈವರ್ ಕಾಕಾ. ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಹಚ್ಚುತ್ತ, ತಲೆ ಎತ್ತದೆಯೇ ಇಂಥವರ ಗಾಡಿ ಬಂತು ಎಂದು ಹೇಳುತ್ತಿದ್ದರು. ನಾನು ಗೇರು ಹಾಕುವಾಗ ಕರ್ ಎನ್ನಿಸಿದರೆ ತಮ್ಮ ಹಲ್ಲಿಗೇ ನೋವಾದಂತೆ ಮುಖ ಮಾಡುತ್ತಿದ್ದರು. ನನ್ನನ್ನು ತಂಗಿ ಎಂದು ಕರೆಯುತ್ತಿದ್ದರು.

ಆಮೇಲೆ ಮಾತು ಬಿಟ್ಟಿತು. ಎರಡು ಮನೆಗಳ ನಡುವೆ ನಾವು ಕಂಪೌಂಡ್ ಗೋಡೆ ಕಟ್ಟಿಸುವಾಗ ಅವರ ನುಗ್ಗೆ ಗಿಡ ಅಡ್ಡ ಬಂದಿತ್ತು. ಕಾಕಾ ಆಗ ಊರಲ್ಲಿರಲಿಲ್ಲ. ಗೌಂಡಿ ಕಡಿಯಲೇ ಎಂದು ಕೇಳಿದ, ನಾನು ಅವಸರದಲ್ಲಿ ಹೂಂ ಎಂದೆ. ಅದು ತೀರಿಹೋದ ಅವರ ಹೆಂಡತಿ ನೆಟ್ಟ ಗಿಡ ಎಂದು ತಿಳಿದದ್ದು ಅವರು ಮರಳಿ ಬಂದು ಬೊಡ್ಡೆಯ ಮುಂದೆ ನಿಂತಾಗ. ತಪ್ಪಾಯಿತು ಎನ್ನಬೇಕಿತ್ತು. ಏಕೋ ನಾಲಗೆ ಹೊರಳಲಿಲ್ಲ. ಗಿಡ ನಮ್ಮ ಜಾಗದಲ್ಲಿ ಬೆಳೆದಿತ್ತು ಎಂದೆ. ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಮುಂದೆ ಎರಡು ವರ್ಷ ಅವರ ಪಾಲಿಗೆ ನಾನು ಇರಲೇ ಇಲ್ಲ.

ಆ ದಿನಗಳಲ್ಲೇ ಕಾರಿನ ಬ್ರೇಕು ಸದ್ದು ಮಾಡತೊಡಗಿತು. ಮೊದಲು ಸಣ್ಣ ಸಿಳ್ಳೆಯಂಥದ್ದು. ಕೆಲವು ದಿನ ಕಳೆದ ಮೇಲೆ ಸಿಳ್ಳೆ ನಿಂತು, ತಗಡನ್ನು ಕಲ್ಲಿಗೆ ತಿಕ್ಕಿದ ಹಾಗೆ ಖರ್ರ್ ಎನ್ನುವ ಸದ್ದು. ಅಬ್ಬಿಗೇರಿಯ ಹಾದಿಯಲ್ಲಿ ರಸ್ತೆ ಕೆಲಸಕ್ಕೆ ಜಲ್ಲಿಕಲ್ಲಿನ ಕಡಿ ಸುರಿದಿದ್ದರು. ಒಂದು ಹರಳು ಸಿಕ್ಕಿರಬೇಕು, ಇಲ್ಲವೆ ಎರಿಮಣ್ಣು ಒಣಗಿ ಕುಳಿತಿರಬೇಕು, ತಾನೇ ಉದುರುತ್ತದೆ ಎಂದುಕೊಂಡೆ. ಗಾಜು ಏರಿಸಿದರೆ ಸದ್ದು ಅಷ್ಟಾಗಿ ಕೇಳುತ್ತಿರಲಿಲ್ಲ. ಕೇಳದ್ದನ್ನು ಇಲ್ಲ ಎಂದುಕೊಳ್ಳುವುದು ಸುಲಭ.

ಬಾಣಂತನಕ್ಕೆ ಬಂದಿದ್ದ ನನ್ನ ತಂಗಿಯನ್ನು ಗಂಡನ ಮನೆಗೆ ಬಿಟ್ಟುಬರುವ ದಿನ ಅದು. ಅವಳ ಊರು ಗಜೇಂದ್ರಗಡದ ಆಚೆ, ಗುಡ್ಡ ಇಳಿದು ಹೋಗಬೇಕು. ಚೀಲಗಳನ್ನೆಲ್ಲ ತುಂಬಿಯಾಗಿತ್ತು, ಹಿಂದಿನ ಸೀಟಿನಲ್ಲಿ ಅವ್ವ, ತಂಗಿ, ಮೂರು ತಿಂಗಳ ಕೂಸು ಕುಳಿತಿದ್ದರು. ಚಾವಿ ತಿರುಗಿಸಿ ನಾಲ್ಕು ಮಾರು ಮುಂದೆ ಬಂದಿದ್ದೆನೋ ಇಲ್ಲವೋ, ಡ್ರೈವರ್ ಕಾಕಾ ಅಂಗಿಯ ಗುಂಡಿ ಹಾಕಿಕೊಳ್ಳುತ್ತಲೇ ಹೊರಗೆ ಬಂದು ಕಾರಿಗೆ ಅಡ್ಡ ನಿಂತು ಕೈ ಎತ್ತಿದರು.

ಬ್ರೇಕು ಒತ್ತಿದೆ. ಖರ್ರ್ ಎಂದು ನಿಂತಿತು. ಹೊರಡುವ ಹೊತ್ತಿಗೇ ಜಗಳ ತೆಗೆಯುತ್ತಾರೆ, ಅದೂ ಅವ್ವನ ಎದುರಿಗೆ ಎಂದು ನನಗೆ ಸಿಟ್ಟು ಬಂತು.

"ಡಾಕ್ಟರ್ರ, ಗಾಡಿ ಒಯ್ಯಬ್ಯಾಡ್ರಿ. ಬ್ರೇಕ್ ಸವದು ಹೋಗ್ಯಾವ," ಎಂದರು.

ಮೊದಲಿನಂತೆ ನನ್ನನ್ನು ತಂಗಿ ಎಂದು ಕರೆಯಲಿಲ್ಲ, ಡಾಕ್ಟರ್ರ ಎಂದರು. ಹರಳು ಸಿಕ್ಕಿದೆ ಅಷ್ಟೇ, ಹೊತ್ತಾಗುತ್ತದೆ ಎಂದು ನಾನು ಬಿರುಸಾಗಿಯೇ ಹೇಳಿದೆ. ಅವರು ಅಲ್ಲಿಂದ ಕದಲಲಿಲ್ಲ, ದನಿಯನ್ನೂ ಏರಿಸಲಿಲ್ಲ. ಯಾವಾಗಿನಿಂದ ಹೀಗೆ, ಒತ್ತಿದಾಗ ಮಾತ್ರವೋ ಯಾವಾಗಲೂ ಇದೆಯೋ, ಇದಕ್ಕೂ ಮೊದಲು ಸಿಳ್ಳೆ ಹೊಡೆಯುತ್ತಿತ್ತೇ ಎಂದು ಒಂದೊಂದಾಗಿ ಕೇಳಿದರು. ಮೇವು ಬಿಟ್ಟ ಎಮ್ಮೆಯನ್ನು ಮುಂದೆ ನಿಲ್ಲಿಸಿಕೊಂಡು ನಾನು ರೈತರನ್ನು ಕೇಳುವುದೂ ಇದೇ ಧಾಟಿಯಲ್ಲಿ. ಸಿಟ್ಟಿನ ನಡುವೆಯೂ ಉತ್ತರ ಕೊಡುತ್ತ ಹೋದೆ.

ಎಲ್ಲರನ್ನೂ ಇಳಿಸಿದರು. ಗಾಜು ಪೂರ್ತಿ ಇಳಿಸಿ, ಓಣಿಯ ಬದಿಯ ಗೋಡೆಗೆ ಹತ್ತಿಕೊಂಡ ಹಾಗೆ, ಮನುಷ್ಯ ನಡೆದಷ್ಟೇ ಮೆಲ್ಲಗೆ ಕಾರು ಬಿಡಲು ಹೇಳಿದರು. ಗೋಡೆಗೆ ಬಡಿದು ತಿರುಗಿ ಬರುವ ಸದ್ದು ಚೆನ್ನಾಗಿ ಕೇಳುತ್ತದೆಯಂತೆ. ಎಪ್ಪತ್ತರ ಹತ್ತಿರದ ಮನುಷ್ಯ, ಸೊಂಟ ಬಗ್ಗಿಸಿ ಎಡಗಾಲಿಯ ಜೊತೆಗೇ ನಡೆದರು. ಕಾಲು ಬ್ರೇಕಿನಿಂದ ತೆಗೆದಾಗ ಸದ್ದೇ ಇಲ್ಲ. ಒತ್ತಿದಾಗ ಮಾತ್ರ ಖರ್ರ್. ಹರಳಾಗಿದ್ದರೆ ಗಾಲಿ ತಿರುಗುವಷ್ಟೂ ಹೊತ್ತು ಕೆರೆಯಬೇಕಿತ್ತು, ಇದು ಹರಳಲ್ಲ ಎಂದರು. ಗಾಲಿಯ ಸಂದಿಯಿಂದ ಟಾರ್ಚು ಬಿಟ್ಟು ಒಳಗಿನ ಡಿಸ್ಕನ್ನು ತೋರಿಸಿದರು. ಕನ್ನಡಿಯ ಹಾಗೆ ನುಣ್ಣಗಿರಬೇಕಾದ ತಟ್ಟೆಯ ಮೇಲೆ ನೇಗಿಲು ಹೊಡೆದಂತೆ ಗೆರೆಗಳು. ಬಾನೆಟ್ ಎತ್ತಿದರೆ ಬ್ರೇಕ್ ಆಯಿಲಿನ ಡಬ್ಬಿಯ ತಳ ಕಾಣುತ್ತಿತ್ತು. ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡು ಸವೆದಷ್ಟೂ ಆಯಿಲು ಕೆಳಗಿಳಿಯುತ್ತದೆ ಎಂದು ಅವರೇ ತಿಳಿಸಿದರು.

"ಸಿಳ್ಳಿ ಹೊಡದಾಗ ಅದು ನಿಮಗ ಹೇಳಾಕತ್ತಿತ್ರಿ. ಈಗ ಹೇಳೂದು ಮುಗದೈತಿ. ಕಬ್ಬಣಕ್ಕ ಕಬ್ಬಣ ತಿಕ್ಕಾಕತ್ತೈತಿ."

ನನಗೆ ಸ್ಟೇರಿಂಗ್ ಕೊಡಲಿಲ್ಲ. ತಾವೇ ಕುಳಿತು, ಒಂದನೇ ಗೇರಿನಲ್ಲಿ, ಬ್ರೇಕು ಮುಟ್ಟದೆ ಹ್ಯಾಂಡ್‌ಬ್ರೇಕಿನಲ್ಲೇ ನಿಲ್ಲಿಸುತ್ತ ಗ್ಯಾರೇಜಿನ ತನಕ ಒಯ್ದರು. ಗ್ಯಾರೇಜಿನವನು ಗಾಲಿ ಬಿಚ್ಚಿ, ಪ್ಯಾಡುಗಳನ್ನು ತೆಗೆದು ನನ್ನ ಅಂಗೈಯಲ್ಲಿಟ್ಟ. ಒಂದರಲ್ಲಿ ಬ್ರೇಕು ಹಿಡಿಯುವ ಪದರವೇ ಇರಲಿಲ್ಲ, ಬರೀ ಕಬ್ಬಿಣದ ಪಟ್ಟಿ. ಇನ್ನೊಂದು ಸೀಳಿತ್ತು. ಎಲ್ಲಿಗೆ ಹೊರಟಿದ್ದಿರಿ ಎಂದು ಕೇಳಿದ. ಕೂಸನ್ನು ಕರೆದುಕೊಂಡು ಗಜೇಂದ್ರಗಡದ ಗುಡ್ಡದ ಕಡೆಗೆ ಎಂದೆ. ಅವನು ಕಾಕಾನ ಮುಖ ನೋಡಿದ. ನಾನು ಅಲ್ಲಿದ್ದ ಹಳೆಯ ಟೈರಿನ ಮೇಲೆ ಕುಳಿತುಬಿಟ್ಟೆ. ಮನೆಗೆ ಫೋನು ಮಾಡಿ, ಕೂಸು ಏನು ಮಾಡುತ್ತಿದೆ ಎಂದು ಕೇಳಿದೆ. ಮಲಗಿದೆ ಎಂದಳು ತಂಗಿ. ಸುಮ್ಮನೆ ಇನ್ನೊಮ್ಮೆ ಕೇಳಿದೆ. ಮಲಗೇ ಇದೆ ಎಂದು ನಕ್ಕಳು.

ಹೊಸ ಪ್ಯಾಡು, ಹೊಸ ಡಿಸ್ಕು ಹಾಕಿಸಿಕೊಂಡು ಮರಳುವಾಗ ನಾನೇ ಓಡಿಸಿದೆ. ಎರಡು ವರ್ಷ ಹೊರಳದ ನಾಲಗೆ ಆಗ ಹೊರಳಿತು.

"ಕಾಕಾ, ಗಿಡದ್ದು ನಂದ ತಪ್ಪರಿ. ನಿಮ್ಮನ್ನ ಕೇಳಬೇಕಾಗಿತ್ತು."

ಅವರು ಕಿಟಕಿಯಾಚೆ ನೋಡುತ್ತ ಕುಳಿತಿದ್ದರು. ನಮ್ಮ ಓಣಿಯ ತಿರುವಿನಲ್ಲಿ ನನ್ನ ಕಡೆ ತಿರುಗಿದರು.

"ನಂದೂ ತಪ್ಪೈತಿ ತಂಗಿ," ಎಂದರು. "ಎಂಟ್ ದಿನದಿಂದ ಆ ಸಪ್ಪಳ ಕೇಳಾಕತ್ತಿದ್ದೆ. ಹೇಳಬೇಕು ಅನಸ್ತಿತ್ತು, ಸೆಡವು ಬಿಡವಲ್ದಾತು. ಇವತ್ತ ಕೂಸಿನ್ನ ಗಾಡ್ಯಾಗ ಇಟ್ಟಿದ್ದು ನೋಡಿದೆ. ಇನ್ನೂ ಸುಮ್ನಿದ್ರ ನಾನೆಂಥಾ ಡ್ರೈವರ?"

ಎರಡು ವರ್ಷದ ಭಾರ ಅಷ್ಟಕ್ಕೇ ಇಳಿಯಿತು. ಮಧ್ಯಾಹ್ನ ಊಟ ಮುಗಿಸಿ ಮತ್ತೆ ಹೊರಟೆವು. ಗುಡ್ಡದ ಇಳಿಜಾರಿನಲ್ಲಿ ಎದುರಿಗೆ ಕಡಿ ತುಂಬಿದ ಲಾರಿ ಬಂತು. ಬ್ರೇಕು ಒತ್ತಿದೆ. ಸದ್ದಿಲ್ಲದೆ, ಇಟ್ಟ ಜಾಗದಲ್ಲಿ ಇಟ್ಟಂತೆ ಕಾರು ನಿಂತಿತು. ಹಿಂದೆ ಕೂಸಿಗೆ ಎಚ್ಚರವೂ ಆಗಲಿಲ್ಲ.

ಅದರ ನಂತರದ ಐದು ವರ್ಷ ಕಾಕಾ ನನ್ನ ಪಕ್ಕದ ಸೀಟಿನಲ್ಲಿ ಎಷ್ಟೋ ಸಲ ಕುಳಿತರು. ಕಣ್ಣು ತೋರಿಸಲು ನರಗುಂದಕ್ಕೆ ಕರೆದೊಯ್ಯುತ್ತಿದ್ದೆ. ಪ್ರತಿ ತಿರುವಿನಲ್ಲೂ ಅವರ ಬಲಗಾಲು ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಬೇರೆಯವರು ಓಡಿಸುವ ಗಾಡಿಯಲ್ಲಿ ತಮಗೆ ಎಂದೂ ನಿದ್ದೆ ಬಂದಿಲ್ಲ ಎನ್ನುತ್ತಿದ್ದರು. ಕಣ್ಣಿನ ಕೊನೆಯ ತಪಾಸಣೆ ಮುಗಿಸಿ, ಎಲ್ಲ ಚಲೋ ಇದೆ ಎನಿಸಿಕೊಂಡು ಬರುತ್ತಿದ್ದ ಒಂದು ಸಂಜೆ, ಏನೋ ಕೇಳಲೆಂದು ಅವರ ಕಡೆ ತಿರುಗಿದೆ. ಕಾಕಾ ಸೀಟಿಗೆ ತಲೆ ಆನಿಸಿ, ಬಾಯಿ ಅರ್ಧ ತೆರೆದು, ಗಾಢ ನಿದ್ದೆಯಲ್ಲಿದ್ದರು. ಕಾಲು ಸುಮ್ಮನೆ ಚಾಚಿಕೊಂಡಿತ್ತು. ರೋಣ ಮುಟ್ಟಿದ ಮೇಲೂ ನಾನು ಎಬ್ಬಿಸಲಿಲ್ಲ. ಮನೆಯ ಮುಂದೆ ಎಂಜಿನ್ ನಿಲ್ಲಿಸಿ, ಅವರಾಗಿಯೇ ಏಳಲಿ ಎಂದು ಕಾದೆ...

ಆ ಚಳಿಗಾಲದಲ್ಲಿ ಅವರು ತೀರಿಕೊಂಡರು. ಈಗ ನರಗುಂದದ ಹಾದಿಯಲ್ಲಿ ಒಬ್ಬಳೇ ಬರುತ್ತೇನೆ. ಅವರಿಲ್ಲ ಎನ್ನುವುದು ಆ ಹಾದಿಯಲ್ಲೇ ಹೆಚ್ಚು ಗೊತ್ತಾಗುತ್ತದೆ. ಮಾತು ಬಿಟ್ಟ ಆ ಎರಡು ವರ್ಷದೊಳಗೇ ಅವರು ಹೋಗಿಬಿಟ್ಟಿದ್ದರೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಹಾಗಾಗಲಿಲ್ಲ. ಹೇಳಬೇಕಾದದ್ದನ್ನು ನಾನು ಹೇಳಿದ್ದೆ, ಅವರೂ ಹೇಳಿದ್ದರು.